ಎರಡನೇ ಮಹಡಿಯ ಮುಂದಿನ ಹತ್ತು ವರ್ಷ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವರನ್ನು ಎಲ್ಲರೂ ಪಟ್ಟಿ ಸಾಹೇಬರು ಎಂದೇ ಕರೆಯುತ್ತಿದ್ದರು. ಹುದ್ದೆಯಲ್ಲಿ ಮುಖ್ಯ ಗ್ರಂಥಪಾಲಕರು, ಹುಟ್ಟುಗುಣದಲ್ಲಿ ಪಟ್ಟಿಗಾರರು. ಕಾಲು ಅಲುಗಾಡುವ ಕುರ್ಚಿಗಳ ಪಟ್ಟಿ, ಮಳೆ ಬಂದರೆ ಸೋರುವ ಕಿಟಕಿಗಳ ಪಟ್ಟಿ, ಓದುವ ಮೇಜಿನ ಮೇಲೆ ಗೊರಕೆ ಹೊಡೆಯುವವರ ಪಟ್ಟಿ, ಎಲ್ಲವೂ ಅವರ ಕಪಾಟಿನಲ್ಲಿದ್ದವು. ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದ ಅವರ ಹೆಂಡತಿ ಆಗಾಗ ಕೇಳುವುದುಂಟು: “ನಮ್ಮ ಮದುವೆ ಆಗಿದ್ದನ್ನ ಯಾವುದಾದ್ರೂ ಪಟ್ಟೀಲಿ ಬರ್ಕೊಂಡಿದ್ದೀರೋ, ಇಲ್ಲ ಅದೊಂದು ಬಾಯಿಮಾತಲ್ಲೇ ನಡೀತಿದೆಯೋ?”

ಇಂಥವರ ಕೈಗೆ ಆ ವರ್ಷ ಬದುಕಿನ ದೊಡ್ಡ ಕೆಲಸವೊಂದು ಬಂತು. ಗ್ರಂಥಾಲಯದ ಮುಂದಿನ ಹತ್ತು ವರ್ಷ ಹೇಗಿರಬೇಕು, ಯೋಜನೆ ಬರೆದುಕೊಡಿ ಎಂದು ಕುಲಪತಿಗಳೇ ಪತ್ರ ಕಳಿಸಿದರು. ಮೂವತ್ತು ವರ್ಷದ ಸೇವೆಯಲ್ಲಿ, ಹೋದ ವರ್ಷ ಏನಾಯಿತು ಎಂದು ಕೇಳಿದವರು ಬೇಕಾದಷ್ಟು ಜನ. ಮುಂದೆ ಏನಾಗಬೇಕು ಎಂದು ಕೇಳಿದವರು ಇವರೇ ಮೊದಲು. ಸಾಹೇಬರು ಆ ಪತ್ರವನ್ನು ಮನೆಗೆ ಒಯ್ದು ಹೆಂಡತಿಗೆ ಎರಡು ಸಲ ಓದಿ ಹೇಳಿದರು. ಮೂರನೇ ಸಲಕ್ಕೆ ಆಕೆ ದೀಪ ಆರಿಸಿದರು.

ನಾಲ್ಕು ತಿಂಗಳು ಕೂತು ನಲವತ್ತಾರು ಪುಟದ ಯೋಜನೆ ಬರೆದರು. ಅದರ ತಿರುಳು ಇದ್ದದ್ದು ಎರಡನೇ ಮಹಡಿಯಲ್ಲಿ. ಭೂಮಿ ಅಳತೆ, ಯಂತ್ರ, ಕಾನೂನು, ಬಾಣಂತನ, ಭಾಷೆ ಅಂತ ಮೂವತ್ತೊಂದು ಸಾವಿರ ಹಳೆಯ ಪುಸ್ತಕಗಳು ಆ ಮಹಡಿಯಲ್ಲಿದ್ದವು. ಕಂಪ್ಯೂಟರ್ ಕೊಟ್ಟ ಪಟ್ಟಿ ಹೇಳುತ್ತಿತ್ತು: ಹತ್ತು ವರ್ಷದಲ್ಲಿ ಅವುಗಳಲ್ಲಿ ನೂರಕ್ಕೆ ನಾಲ್ಕು ಕೂಡ ಯಾರ ಕೈಗೂ ಹೋಗಿಲ್ಲ. ಜೊತೆಗೆ, ರಜೆಯಲ್ಲಿ ಹೊರಗಿನವರು ಬಂದು ಕಪಾಟು ಕಪಾಟು ಎಣಿಸಿ ಹೋದಾಗ ಇನ್ನೂರ ಹದಿನಾಲ್ಕು ಪುಸ್ತಕ ಕಾಣೆಯಾಗಿದ್ದವು. ಓದುವವರಿಲ್ಲ, ಇದ್ದದ್ದೂ ಕಳುವಾಗುತ್ತಿದೆ. ಹಾಗಾದರೆ ಪುಸ್ತಕಗಳನ್ನು ಊರಾಚೆಯ ಉಗ್ರಾಣಕ್ಕೆ ಸಾಗಿಸಿ, ಆ ಮಹಡಿಯಲ್ಲಿ ಅರವತ್ತು ಕಂಪ್ಯೂಟರುಗಳ ಕೋಣೆ ಮಾಡುವುದು. ಗುರುವಾರ ಕುಲಪತಿಗಳ ಸಭೆ. ಒಪ್ಪಿಗೆ ಸಿಕ್ಕರೆ ಮರುದಿನವೇ ಪೆಟ್ಟಿಗೆ ತುಂಬುವ ಕೆಲಸ ಶುರು.

ಎರಡನೇ ಮಹಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಪುಸ್ತಕ ಜೋಡಿಸುತ್ತಿದ್ದವರು ದೊಡ್ಡಕ್ಕ. ಯಾರಿಗೆ ಅಕ್ಕ, ಎಷ್ಟು ದೊಡ್ಡವರು ಎಂದು ಯಾರೂ ಕೇಳಿದವರಿಲ್ಲ. ಕುಲಪತಿಗಳೂ ಹಾಗೇ ಕರೆಯುತ್ತಿದ್ದರು. ಆ ವಾರ ಅವರ ಎಡಗಣ್ಣಿನ ಪೊರೆ ತೆಗೆಸುವ ದಿನ ಗೊತ್ತಾಗಿತ್ತು. ಶನಿವಾರ ಸಂಜೆ ರಜೆಚೀಟಿ ಹಿಡಿದು ಸಾಹೇಬರ ಕೋಣೆಗೆ ಬಂದರು.

“ಹೋಗ್ಬರ್ತೀನಿ ಸಾಹೇಬ್ರೇ. ಮೇಲಿನ ಮಹಡಿ ಯಾರು ನೋಡ್ಕೋತಾರೆ?”

“ಬದಲಿ ಜನ ಇಲ್ಲ ದೊಡ್ಡಕ್ಕ. ನಾನೇ ನೋಡ್ಕೋತೀನಿ.”

ದೊಡ್ಡಕ್ಕ ಸಾಹೇಬರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ನೀವಾ? ಸರಿ. ಕಿಟಕಿ ಪಕ್ಕದ ಮೂರು ಬಂಡಿ ಮಾತ್ರ ಮುಟ್ಟಬೇಡಿ. ಉಳಿದದ್ದು ನಿಮ್ಮಿಷ್ಟ.”

ಏಕೆ ಎಂದು ಕೇಳಬೇಕಿತ್ತು. ಸಾಹೇಬರ ತಲೆಯೊಳಗೆ ಗುರುವಾರದ ಸಭೆ ಕೂತುಬಿಟ್ಟಿತ್ತು, ಕೇಳಲಿಲ್ಲ.

ಸೋಮವಾರ ಅವರು ತೋಳು ಮಡಚಿ ಎರಡನೇ ಮಹಡಿಗೆ ಹತ್ತಿದರು. ನಿಜ ಹೇಳಬೇಕೆಂದರೆ ಅಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಂತು ಎಷ್ಟೋ ವರ್ಷವಾಗಿತ್ತು. ಕಿಟಕಿ ಸೋರಿದರೆ ಬರುವುದು, ಪಟ್ಟಿಗೆ ಸೇರಿಸಿ ಇಳಿಯುವುದು. ಈಗ ನೋಡಿದರೆ ಚೊಕ್ಕಟವಾದ ಮಹಡಿ. ಕಪಾಟಿನ ಅಂಚಿನಲ್ಲಿ ಬೆರಳಾಡಿಸಿದರೆ ಧೂಳಿಲ್ಲ. ಕಿಟಕಿ ಪಕ್ಕದ ಮೂರು ಬಂಡಿಗಳು ಮಾತ್ರ ಕಣ್ಣಿಗೆ ಚುಚ್ಚಿದವು. ಪುಸ್ತಕ ಸಾಗಿಸುವ ಚಕ್ರದ ಬಂಡಿಗಳು ಅವು. ಸಂಜೆಗೆ ಖಾಲಿಯಾಗಿ ನಿಲ್ಲಬೇಕಾದವು. ಇಲ್ಲಿ ಮೂರೂ ತುಂಬಿ ತುಳುಕುತ್ತಿದ್ದವು. ಕಾನೂನಿನ ಪಕ್ಕ ಗಡಿಯಾರ, ಗಡಿಯಾರದ ಮೇಲೆ ಬಾಣಂತನ, ಅದರ ಮೇಲೊಂದು ನಕ್ಷೆಗಳ ಸಂಪುಟ ಅಡ್ಡಡ್ಡ ಮಲಗಿತ್ತು.

“ಪಾಪ, ಕಣ್ಣು ಕಾಣದೆ ಎಷ್ಟು ತಿಂಗಳ ಕೆಲಸ ಬಾಕಿ ಉಳಿದಿದೆಯೋ,” ಎಂದು ಸಾಹೇಬರ ಮನಸ್ಸು ಮರುಗಿತು. ಮುಟ್ಟಬೇಡಿ ಎಂದದ್ದು ನಾಚಿಕೆಗಿರಬೇಕು. ಬಂದಾಗ ಬಂಡಿ ಖಾಲಿ ನೋಡಿ ಆಶ್ಚರ್ಯಪಡಲಿ.

ಮೊದಲ ಹತ್ತು ಪುಸ್ತಕ ಜೋಡಿಸುವಷ್ಟರಲ್ಲೇ ಅವರಿಗೆ ಏನೋ ಹೊಳೆಯಿತು. ಜೇಬಿನಿಂದ ಕಾಣೆಯಾದ ಪುಸ್ತಕಗಳ ಪಟ್ಟಿ ತೆಗೆದು ನೋಡಿದರು. ಹತ್ತಕ್ಕೆ ಹತ್ತೂ ಅದರಲ್ಲಿದ್ದವು! ಎಣಿಸಲು ಬಂದವರು ಕಪಾಟು ಎಣಿಸಿದ್ದರೇ ಹೊರತು ಬಂಡಿಯತ್ತ ತಿರುಗಿಯೂ ನೋಡಿರಲಿಲ್ಲ. ಸಾಹೇಬರಿಗೆ ಊಟದ ನೆನಪೂ ಆಗಲಿಲ್ಲ. ಬಗ್ಗಿ, ಎದ್ದು, ಏಣಿ ಹತ್ತಿ, ಇಳಿದು, ಸಂಜೆಯ ಹೊತ್ತಿಗೆ ಒಂದೊಂದನ್ನೂ ಅದರದರ ನಂಬರಿನ ಜಾಗಕ್ಕೆ ಸೇರಿಸಿದರು.

ಮನೆಯಲ್ಲಿ ಬೋರಲು ಮಲಗಿ ಬೆನ್ನಿಗೆ ಮುಲಾಮು ಹಚ್ಚಿಸಿಕೊಳ್ಳುತ್ತ ಹೆಂಡತಿಗೆ ಹೇಳಿದರು: “ಕಳೆದುಹೋದ ಪುಸ್ತಕ ಸಿಕ್ಕಿದ್ವು ಕಣೆ! ಇನ್ನೂರ ಹದಿನಾಲ್ಕರಲ್ಲಿ ಇನ್ನೂರ ಒಂಬತ್ತು!”

“ಇನ್ನೈದು ಇಲ್ಲೇ ಇರಬೇಕು, ಬೆನ್ನು ಗಂಟುಗಂಟಾಗಿದೆ,” ಎಂದು ಆಕೆ ಬಲವಾಗಿ ಒತ್ತಿದರು.

ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆದು ಐದು ನಿಮಿಷವಾಗಿರಲಿಲ್ಲ, ಮೆಟ್ಟಿಲ ಮೇಲೆ ಕೋಲು ಕುಟ್ಟಿದ ಸದ್ದು. ಬಂದವರು ಎಪ್ಪತ್ತೆಂಟು ವರ್ಷದ ನಿವೃತ್ತ ಸರ್ವೇಯರ್. ಯಾರನ್ನೂ ನೋಡದೆ ನೇರ ಕಿಟಕಿ ಪಕ್ಕಕ್ಕೆ ಹೋದರು. ಖಾಲಿ ಬಂಡಿಯ ಮುಂದೆ, ಇದ್ದ ಮನೆ ರಾತ್ರೋರಾತ್ರಿ ಎದ್ದು ಹೋದವರ ಹಾಗೆ ನಿಂತರು.

“ನನ್ನ ಪುಸ್ತಕ ಎಲ್ಲಿ?”

“ಯಾವ ಪುಸ್ತಕ ಅಂತ ಹೇಳಿ ಸಾರ್, ಹುಡುಕಿಕೊಡೋಣ,” ಎಂದರು ಸಾಹೇಬರು.

“ಯಾವುದು ಅಂದ್ರೆ? ನನ್ನದು! ಎಡಗಡೆ ಬಂಡಿ, ಕೆಳಗಿನ ಹಲಗೆ, ನಕ್ಷೆ ಪುಸ್ತಕ. ನೂರ ಹನ್ನೆರಡನೇ ಪುಟಕ್ಕೆ ಬಂದಿದ್ದೆ.”

“ಹೆಸರು? ನಂಬರು?”

“ಆರು ವರ್ಷದಿಂದ ಓದ್ತಿದ್ದೀನಿ, ಹೆಸರು ಕೇಳಿದವರು ನೀವೇ ಮೊದಲು. ನೀವು ಹೊಸಬರಾ?”

ಮೂವತ್ತು ವರ್ಷದ ಹೊಸಬರು ಉತ್ತರ ಕೊಡುವ ಮೊದಲೇ ಇನ್ನೊಬ್ಬರು ಬಂದರು. ಖಾಕಿ ಅಂಗಿಯ ಬಸ್ ಡ್ರೈವರ್ ಹೆಣ್ಣುಮಗಳು. “ಅಯ್ಯೋ, ನನ್ನ ಕಾನೂನು ಎಲ್ಲಿ ಹೋಯ್ತು! ನಂಗಿರೋದು ನಲವತ್ತು ನಿಮಿಷ ಅಣ್ಣಾ. ಬಸ್ಸು ನಿಲ್ದಾಣದಲ್ಲಿ ನಿಲ್ಸಿ ಬಂದಿದ್ದೀನಿ. ಮುಂದಿನ ತಿಂಗಳು ಪರೀಕ್ಷೆ. ದೊಡ್ಡಕ್ಕ ಗುರುತಿಗೆ ದಾರ ಸಿಕ್ಸಿ ಇಟ್ಟಿರ್ತಾರೆ.”

ಆಕೆಯ ಬೆನ್ನಿಗೇ ಗಡಿಯಾರ ರಿಪೇರಿಯವನು. ಅವನಿಗೆ ಬೇಕಾದದ್ದು ಗೋಪುರದ ಗಡಿಯಾರಗಳ ದಪ್ಪ ಪುಸ್ತಕ. ಕಣ್ಣಿಗೆ ಒತ್ತಿಕೊಳ್ಳುವ ಭೂತಗನ್ನಡಿ ಕೊರಳಲ್ಲೇ ತೂಗುತ್ತಿತ್ತು. “ಅಂಗಡಿ ಬಾಗಿಲು ಅರ್ಧ ಹಾಕಿ ಬಂದಿದ್ದೀನಿ ಸಾರ್, ಪುಸ್ತಕಾನೂ ಅರ್ಧಕ್ಕೇ ನಿಲ್ಲಿಸ್ಬಿಟ್ರೆ ಹೆಂಗೆ?”

ಸಾಹೇಬರು ಆ ದಿನ ಏಣಿ ಹತ್ತಿದ್ದು ಲೆಕ್ಕಕ್ಕೆ ಸಿಗದು. ಹಿಂದಿನ ದಿನ ಅಚ್ಚುಕಟ್ಟಾಗಿ ಮೇಲಿಟ್ಟದ್ದನ್ನು ಒಂದೊಂದಾಗಿ ಕೆಳಗಿಳಿಸಿದರು. ಡ್ರೈವರಮ್ಮನ ಪುಸ್ತಕ ಸಿಗುವಾಗ ಅವಳಿಗೆ ಉಳಿದದ್ದು ಹನ್ನೊಂದು ನಿಮಿಷ. ಬೈಯಲಿಲ್ಲ ಅವಳು, ನಿಂತೇ ಓದಿದಳು. ಅದೇ ಸಾಹೇಬರಿಗೆ ಹೆಚ್ಚು ನೋವು ತಂದಿತು.

ಮಧ್ಯಾಹ್ನದ ಹೊತ್ತಿಗೆ ಅವರಿಗೆ ಸಂಗತಿ ಅರ್ಥವಾಯಿತು. ಹೀಗೆ ಬರುವವರಲ್ಲಿ ಹೆಚ್ಚಿನವರು ಊರಿನ ಜನ. ಅವರ ಕೈಯಲ್ಲಿದ್ದದ್ದು ಒಳಗೆ ಕೂತು ಓದುವ ಹಳದಿ ಕಾರ್ಡು. ಪುಸ್ತಕ ಮನೆಗೆ ಒಯ್ಯುವ ಹಕ್ಕು ಅದಕ್ಕಿಲ್ಲ. ನಾಳೆ ಮತ್ತೆ ಅದೇ ಪುಸ್ತಕಕ್ಕೆ ಬರುತ್ತಾರೆಂದು ದೊಡ್ಡಕ್ಕ ಅದನ್ನು ಕಪಾಟಿಗೆ ಹಾಕದೆ ಬಂಡಿಯಲ್ಲೇ ಉಳಿಸುತ್ತಿದ್ದರು. ಕಾಣೆಯಾದ ಪುಸ್ತಕಗಳು ಅತಿ ಹೆಚ್ಚು ಓದಿಸಿಕೊಳ್ಳುತ್ತಿದ್ದ ಪುಸ್ತಕಗಳಾಗಿದ್ದವು.

ಆದರೆ ಕಂಪ್ಯೂಟರಿನ ಲೆಕ್ಕಕ್ಕೆ ಇವರೇಕೆ ಬಂದಿಲ್ಲ? ಮನೆಗೆ ಒಯ್ಯದಿದ್ದರೂ, ಮೇಜಿನ ಮೇಲೆ ಓದಿ ಬಿಟ್ಟ ಪುಸ್ತಕವನ್ನು ಸ್ಕ್ಯಾನರಿನಿಂದ ಒಮ್ಮೆ ಗುರುತಿಸಿದರೆ ‘ಇಲ್ಲೇ ಓದಿದ್ದು’ ಎಂದು ದಾಖಲಾಗುತ್ತದೆ. ಕೆಳಗಿನ ಮಹಡಿಯಲ್ಲಿ ದಿನವೂ ನಡೆಯುವ ಕೆಲಸ ಅದು. ಬುಧವಾರ ಬೆಳಿಗ್ಗೆ ಸಾಹೇಬರು ಎರಡನೇ ಮಹಡಿಯ ಸ್ಕ್ಯಾನರ್ ಹುಡುಕಿದರು. ಸಿಕ್ಕಿದ್ದು ಗೋಡೆಗಪಾಟಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ. ಕಪಾಟಿನ ಬಾಗಿಲ ಒಳಮೈಗೆ ಒಂದು ಸುತ್ತೋಲೆ ಅಂಟಿಸಿತ್ತು, ಕಾಗದ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು:

‘ಸ್ಕ್ಯಾನರಿನ ಕೀಕ್ ಶಬ್ದದಿಂದ ಓದುಗರ ಏಕಾಗ್ರತೆಗೆ ಭಂಗ ಬರುತ್ತಿದೆ. ಆದ್ದರಿಂದ ಎರಡನೇ ಮಹಡಿಯಲ್ಲಿ ಇದರ ಬಳಕೆಯನ್ನು ಇಂದಿನಿಂದ ನಿಲ್ಲಿಸಲಾಗಿದೆ.’

ಕೆಳಗೆ ಹತ್ತೊಂಬತ್ತು ವರ್ಷ ಹಿಂದಿನ ತಾರೀಕು, ಸಾಹೇಬರದೇ ಸಹಿ. ಆಗ ಅವರು ಹೊಸದಾಗಿ ಬಡ್ತಿ ಪಡೆದಿದ್ದರು, ಸಹಿಯ ಬಾಲ ಉದ್ದವಾಗಿತ್ತು.

ಸಾಹೇಬರು ಏಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮೌನದ ಮೇಲಿನ ಪ್ರೀತಿಗೆ ಎಣಿಕೆಯ ಬಾಯಿಯನ್ನೇ ಕಟ್ಟಿ, ಹತ್ತೊಂಬತ್ತು ವರ್ಷದ ಮೇಲೆ ‘ಯಾರೂ ಓದುತ್ತಿಲ್ಲ’ ಎಂದು ನಲವತ್ತಾರು ಪುಟ ಬರೆದಿದ್ದರು. ಬೇರೆ ಯಾವ ಕಸುಬಿನವನೂ ಮಾಡಲಾರದ ತಪ್ಪು.

ಆ ದಿನ ಪೆನ್ಸಿಲ್ ಹಿಡಿದು ಅವರೇ ಎಣಿಸಿದರು. ಸಂಜೆಯ ಹೊತ್ತಿಗೆ ನೂರ ನಲವತ್ತಮೂರು ಪುಸ್ತಕಗಳು ಕಪಾಟಿನಿಂದ ಮೇಜಿಗೆ ಬಂದಿದ್ದವು. ಕಂಪ್ಯೂಟರಿಗೆ ಅದೂ ಸೊನ್ನೆಯೇ.

ಮನೆಗೆ ಹೋಗುವ ದಾರಿಯಲ್ಲಿ ದೊಡ್ಡಕ್ಕನ ಮನೆ ಹೊಕ್ಕರು. ಎರಡು ಕೋಣೆಯ ಮನೆ. ದೊಡ್ಡಕ್ಕ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಒರಗಿದ್ದರು. ತಂಗಿಯೊಬ್ಬಳು ಸ್ಟೂಲ್ ತಂದಿಟ್ಟಳು.

“ಬಂಡಿ ಮುಟ್ಟಿದ್ರಿ, ಅಲ್ವಾ?” ಎಂದರು ದೊಡ್ಡಕ್ಕ, ಯಾರು ಬಂದರೆಂದು ಕೇಳುವ ಮೊದಲೇ.

“ಹೇಗೆ ಗೊತ್ತಾಯ್ತು?”

“ಡ್ರೈವರಮ್ಮ ಫೋನ್ ಮಾಡಿದ್ಲು. ಯಾರೋ ಹೊಸ ಮುದುಕಪ್ಪ ಬಂದಿದ್ದಾನೆ, ಒಳ್ಳೆಯವನೇ, ಆದ್ರೆ ಏನೂ ಗೊತ್ತಿಲ್ಲ ಅಂದ್ಲು.”

ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಸಾಹೇಬರೂ ನಕ್ಕರು. ಆಮೇಲೆ ಸುತ್ತೋಲೆಯ ಕಥೆ ಹೇಳಿದರು, ಯೋಜನೆಯ ಕಥೆ ಹೇಳಿದರು. “ನನಗ್ಯಾಕೆ ಒಂದು ಮಾತು ಹೇಳಲಿಲ್ಲ ದೊಡ್ಡಕ್ಕ? ಅಷ್ಟು ಜನ ಬರ್ತಾರೆ ಅಂತ.”

“ನೀವು ಕೇಳಿದ್ದು ಪುಸ್ತಕ ಎಷ್ಟಿವೆ ಅಂತ. ಜನ ಎಷ್ಟಿದ್ದಾರೆ ಅಂತ ಯಾವತ್ತು ಕೇಳಿದ್ರಿ?” ಮಾತಿನಲ್ಲಿ ಸಿಟ್ಟಿರಲಿಲ್ಲ. “ಸ್ಕ್ಯಾನರ್ ಬೇಡ ಅಂದ್ರಿ, ಎತ್ತಿಟ್ಟೆ. ನಂಗೂ ಅದರ ಕೀಚಲು ಸಾಕಾಗಿತ್ತು ಬಿಡಿ. ತಪ್ಪು ಇಬ್ಬರದೂ.”

“ನಿಮ್ಮದೇನಿಲ್ಲ. ಇಪ್ಪತ್ತೆಂಟು ವರ್ಷ ಆ ಮಹಡೀನ ನೀವು...” ಸಾಹೇಬರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. ಪುಸ್ತಕ ಎಲ್ಲಿದೆ ಎನ್ನುವುದು ಮಾತ್ರವಲ್ಲ, ಯಾರಿಗಾಗಿ ಇದೆ ಎನ್ನುವುದನ್ನೂ ನೆನಪಿಟ್ಟುಕೊಂಡ ಒಬ್ಬರಿದ್ದರು, ತಾವು ಅವರ ಹಾಜರಿ ಪುಸ್ತಕಕ್ಕೆ ಮಾತ್ರ ಸಹಿ ಹಾಕುತ್ತಿದ್ದರು. “ಒಂದು ದಿನವೂ ನಿಮಗೆ ಧನ್ಯವಾದ ಅಂತ ಹೇಳ್ಲಿಲ್ಲ ನಾನು.”

“ಈಗ ಹೇಳ್ಬೇಡಿ ಮಹಾರಾಯ್ರೇ, ಕಣ್ಣಲ್ಲಿ ನೀರು ಬರಬಾರದು ಅಂದಿದ್ದಾರೆ ಡಾಕ್ಟ್ರು.”

ಊಟದ ಹೊತ್ತಿಗೆ ಸಾಹೇಬರು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತರು. ಹೆಂಡತಿಗೆ ಎಲ್ಲ ಹೇಳಿದರು. ಭಯ ಇದ್ದದ್ದು ಬರೀ ಅವಮಾನದ್ದಲ್ಲ. ಸಭೆಯಲ್ಲಿ ಕೂರುವ ಡೀನ್ ಮಹಾಶಯರಿಗೆ ಆ ಮಹಡಿಯನ್ನು ತಮ್ಮ ವಿಭಾಗಕ್ಕೆ ಎಳೆದುಕೊಳ್ಳುವ ಆಸೆ ಹಳೆಯದು. ಗ್ರಂಥಾಲಯಕ್ಕೆ ತನ್ನ ಎಣಿಕೆಯೇ ಗೊತ್ತಿಲ್ಲ ಎಂದು ಬಾಯಿ ಬಿಟ್ಟರೆ, ಹಾಗಾದರೆ ಮಹಡಿ ನಮಗೇ ಕೊಡಿ ಎನ್ನುತ್ತಾರೆ. ಸುಮ್ಮನಿದ್ದರೆ ಕಂಪ್ಯೂಟರ್ ಕೋಣೆಯ ಹೆಸರಿನಲ್ಲಾದರೂ ಮಹಡಿ ಗ್ರಂಥಾಲಯದ್ದಾಗಿ ಉಳಿಯುತ್ತದೆ. ಪುಸ್ತಕ ಹೋದರೆ ಹೋಯಿತು.

ಹೆಂಡತಿ ಅವರ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ, “ನಮ್ಮ ವಾರ್ಡಲ್ಲಿ ಥರ್ಮಾಮೀಟರ್ ಇಡದೇನೇ ಜ್ವರ ಇಲ್ಲ ಅಂತ ಬರೆದು, ಆಮೇಲೆ ರೋಗಿ ಸುಡ್ತಿರೋದು ಕೈಗೆ ತಗುಲಿದ್ರೆ ನಾನೇನು ಮಾಡ್ಬೇಕು?” ಎಂದರು.

“ಡಾಕ್ಟ್ರಿಗೆ ಹೇಳ್ಬೇಕು.”

“ಡಾಕ್ಟ್ರು ಬೈತಾರಲ್ಲ?”

“ಬೈಲಿ. ಬೈಸ್ಕೊಂಡ್ರೆ ಜ್ವರ ಇಳಿಯುತ್ತಲ್ಲ.”

“ಹಂಗಾದ್ರೆ ತಣ್ಣಗಾಗೋಕೆ ಮುಂಚೆ ಊಟ ಮಾಡಿ.”

ಗುರುವಾರದ ಸಭೆಯಲ್ಲಿ ಉದ್ದನೆಯ ಮೇಜು, ಹನ್ನೊಂದು ಜನ, ಹನ್ನೊಂದು ನೀರಿನ ಲೋಟ. ಎಲ್ಲರ ಮುಂದೆಯೂ ಸಾಹೇಬರ ನಲವತ್ತಾರು ಪುಟ. ಕುಲಪತಿಗಳು ಪುಟ ತಿರುವುತ್ತಾ, “ಚೆನ್ನಾಗಿ ಬರೆದಿದ್ದೀರಿ. ಇಂಥ ಸ್ಪಷ್ಟವಾದ ಯೋಜನೆ ನಾನು ನೋಡಿರಲಿಲ್ಲ,” ಎಂದರು. ನಾಲ್ಕು ತಿಂಗಳು ಸಾಹೇಬರು ಕಾದಿದ್ದ ಮಾತು ಅದು.

ಸಾಹೇಬರು ಎದ್ದು ನಿಂತರು. “ಸ್ಪಷ್ಟವಾಗಿದೆ ಸಾರ್, ಆದ್ರೆ ತಪ್ಪಾಗಿದೆ. ಎರಡನೇ ಮಹಡಿಯ ಅಧ್ಯಾಯ ವಾಪಸ್ ತಗೋತೀನಿ.” ಬಿಸ್ಕತ್ತಿನ ಬಣ್ಣದ ಕಾಗದವನ್ನು ಮೇಜಿನ ಮೇಲಿಟ್ಟು, ಒಂದನ್ನೂ ಮುಚ್ಚಿಡದೆ ಹೇಳಿದರು. ಕೀಕ್ ಶಬ್ದ, ಹತ್ತೊಂಬತ್ತು ವರ್ಷ, ಮೂರು ಬಂಡಿ, ನಿಂತು ಓದಿದ ಡ್ರೈವರಮ್ಮ, ಒಂದೇ ದಿನದ ನೂರ ನಲವತ್ತಮೂರು.

ಡೀನ್ ಕನ್ನಡಕ ಏರಿಸಿದರು. “ಅಂದ್ರೆ, ಪಟ್ಟಿ ಸಾಹೇಬರ ಪಟ್ಟೀನೇ ಸುಳ್ಳು ಅಂತಾಯ್ತು.” ಎರಡು ಮೂರು ಕಡೆ ನಗು ಸುಳಿಯಿತು. “ಎಣಿಸೋಕೆ ಬಾರದವರ ಕೈಲಿ ಅಷ್ಟು ದೊಡ್ಡ ಮಹಡಿ ಯಾಕೆ? ನಮ್ಮ ವಿಭಾಗಕ್ಕೆ ಜಾಗ ಸಾಲ್ತಿಲ್ಲ.”

“ಸುಳ್ಳಾದದ್ದು ನನ್ನ ಪಟ್ಟಿ ಸಾರ್, ಓದೋರಲ್ಲ,” ಎಂದರು ಸಾಹೇಬರು. “ಒಂದು ವರ್ಷ ಕೊಡಿ. ಸದ್ದಿಲ್ಲದೆ ಎಣಿಸೋ ಸ್ಕ್ಯಾನರ್ ಈಗ ಬರುತ್ತೆ. ಒಂದು ವರ್ಷ ಎಣಿಸಿ, ಓದೋರನ್ನೇ ಕೇಳಿ, ಆ ಅಧ್ಯಾಯ ಮತ್ತೆ ಬರೀತೀನಿ. ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಕೋಣೆ ಬೇಕೇ ಬೇಕು, ಅದನ್ನ ಮುಂದೂಡೋದು ಬೇಡ. ಕೆಳಗೆ ನನ್ನ ಕೋಣೆ ಇದೆ. ಪಕ್ಕದಲ್ಲಿ ಹಳೇ ಸಿಡಿಗಳ ಕೋಣೆ, ಅದರ ಬೀಗಕ್ಕೆ ತುಕ್ಕು ಹಿಡಿದಿದೆ. ನಡುವಿನ ಗೋಡೆ ತೆಗೆದ್ರೆ ನಲವತ್ತು ಜನ ಕೂರಬಹುದು.”

“ನೀವೆಲ್ಲಿ ಕೂರ್ತೀರಿ?” ಎಂದರು ಕುಲಪತಿಗಳು.

“ಎರಡನೇ ಮಹಡೀಲಿ ಸಾರ್. ಇಷ್ಟು ದಿನ ಅಲ್ಲಿ ಕೂರದೇ ಇದ್ದದ್ದೇ ಇದಕ್ಕೆಲ್ಲ ಕಾರಣ.”

ಕುಲಪತಿಗಳು ಹಳೆಯ ಕಾಗದವನ್ನು ಎತ್ತಿ, ಸಹಿಯ ಉದ್ದ ಬಾಲವನ್ನು ಸ್ವಲ್ಪ ಹೊತ್ತು ನೋಡಿದರು. “ಒಂದು ವರ್ಷ, ಒಂದು ದಿನ ಜಾಸ್ತಿ ಇಲ್ಲ. ಮುಂದಿನ ವರ್ಷ ಅಂಕಿ ಇಲ್ಲದೆ ಬಂದ್ರೆ ಮಹಡಿ ಡೀನ್ ಅವರಿಗೆ. ಮತ್ತೆ, ಈ ತಪ್ಪು ಯಾರದು ಅನ್ನೋದು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ.”

“ಆಗಲಿ ಸಾರ್,” ಎಂದು ಸಾಹೇಬರು ಕೂತರು. ಮೂವತ್ತು ವರ್ಷದ ಕಲೆಯಿಲ್ಲದ ದಾಖಲೆಗೆ ಕಲೆ ಬಿತ್ತು. ಆದರೂ ಅಷ್ಟು ಹಗುರಾಗಿ ಅವರು ಯಾವ ಸಭೆಯಿಂದಲೂ ಹೊರಬಂದಿರಲಿಲ್ಲ.

ಎರಡು ವಾರ ಕಳೆದು ದೊಡ್ಡಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬಂದಾಗ ಸಾಹೇಬರ ಮೇಜು ಎರಡನೇ ಮಹಡಿಗೆ ಬಂದು ಕೂತಾಗಿತ್ತು. ದೊಡ್ಡಕ್ಕ ಮೇಜಿನ ಸುತ್ತ ಒಂದು ಸುತ್ತು ಹಾಕಿದರು. “ಇಲ್ಲಿ ಬೇಡ, ಇದು ಸರ್ವೇಯರ್ ಅವರ ಬೆಳಕು. ಆ ಮೂಲೆಗೆ ತಳ್ಳಿ.” ಮುಖ್ಯ ಗ್ರಂಥಪಾಲಕರು ತಮ್ಮ ಮೇಜನ್ನು ತಾವೇ ಮೂಲೆಗೆ ತಳ್ಳಿದರು. ಆಮೇಲೆ ಎರಡನೇ ಕುರ್ಚಿ ಎಳೆದು, “ಕೂತ್ಕೊಳ್ಳಿ ದೊಡ್ಡಕ್ಕ. ಹೊಸ ಯೋಜನೆ. ನೀವು ಹೇಳಿ, ನಾನು ಬರ್ಕೋತೀನಿ,” ಎಂದರು.

“ನಾನೇನು ಹೇಳ್ಲಿ? ಬರೋರನ್ನ ಕೇಳಿ.”

ಬಂದದ್ದು ಕೋಲು ಕುಟ್ಟುತ್ತ ಸರ್ವೇಯರ್, ತಮ್ಮ ನಕ್ಷೆ ಪುಸ್ತಕ ತೆರೆದು ಕಿಟಕಿ ಪಕ್ಕ ಕೂತರು. ಸಾಹೇಬರು ಎದ್ದು ಹೋಗಿ, ಹೊಸ ನೋಟುಪುಸ್ತಕದ ಮೊದಲ ಹಾಳೆ ತೆರೆದು, ಗಂಭೀರವಾಗಿ ಕೇಳಿದರು: “ಸಾರ್, ಇನ್ನು ಹತ್ತು ವರ್ಷಕ್ಕೆ ಈ ಮಹಡೀಲಿ ಏನೇನಿರಬೇಕು ಅಂತೀರಿ?”

ಮುದುಕರು ನಕ್ಷೆಯಿಂದ ತಲೆಯೆತ್ತಿದರು. ಕಿಟಕಿ ನೋಡಿದರು, ಕಪಾಟುಗಳ ಸಾಲು ನೋಡಿದರು, ಬೆರಳು ಮಡಚಿ ಏನೋ ಕೂಡಿಸಿದರು.

“ಮೊದಲಿಗೆ,” ಎಂದರು, “ನಾನಿರಬೇಕು.”

ದೊಡ್ಡಕ್ಕ ಕಪ್ಪು ಕನ್ನಡಕದ ಹಿಂದೆ ನಗು ತಡೆಯಲಾರದೆ ಕೆಮ್ಮಿದರು. ಸಾಹೇಬರು ನಗಲಿಲ್ಲ. ಒಂದು ಎಂದು ಹಾಕಿ, ಅದರ ಮುಂದೆ ಆ ಮಾತನ್ನು ಇದ್ದ ಹಾಗೇ ಬರೆದು, “ಸರಿ ಸಾರ್. ಎರಡನೆಯದು?” ಎಂದರು.